ಹಾಸ್ಟೆಲ್ ವಾಸ ಮತ್ತು ಹಸಿರು ಬದುಕು

ಓದಿಗಾಗಿ ಮನೆ ಬಿಟ್ಟು ಬೆಂಗಳೂರಿನ ಹಾಸ್ಟೆಲುಗಳಲ್ಲಿರುವ ಯುವಕ ಯುವತಿಯರೇ, ಪರಿಸರಕ್ಕಾಗಿ ಏನಾದರೂ ಮಾಡಬೇಕೆಂಬ ಆಸೆ ನಿಮ್ಮಲ್ಲಿ ಅನೇಕರಿಗಿದೆ. ಜೂನ್ 5ರಂದು ಸಸಿ ನೆಡುತ್ತೀರಿ, ಭಿತ್ತಿಪತ್ರ ಬರೆಯುತ್ತೀರಿ. ಒಳ್ಳೆಯದೇ. ಆದರೆ ಜೂನ್ 6ರ ಬೆಳಿಗ್ಗೆ ಬಚ್ಚಲಿನಲ್ಲಿ ನಲ್ಲಿ ತಿರುಗಿಸುವಾಗ ಆ ಆಸೆ ಎಲ್ಲಿರುತ್ತದೆ?

ಮನೆಯಲ್ಲಿ ಲೈಟು ಆರಿಸದೆ ಹೊರಟರೆ ಯಾರಾದರೂ ಗದರುತ್ತಿದ್ದರು. ತಿಂಗಳ ಬಿಲ್ಲು ಕಟ್ಟುವವರು ಅವರು. ಹಾಸ್ಟೆಲಿನಲ್ಲಿ ವರ್ಷದ ಶುಲ್ಕ ಕಟ್ಟಿದರೆ ಮುಗಿಯಿತು. ಒಂದು ಬಕೆಟ್ ನೀರಿನಲ್ಲಿ ಸ್ನಾನ ಮಾಡಿದರೂ ನಾಲ್ಕು ಸುರಿದರೂ ನಿಮ್ಮ ಲೆಕ್ಕ ಒಂದೇ. ವಿದ್ಯಾರ್ಥಿಗಳಿಗೆ ಕಾಳಜಿ ಇಲ್ಲವೆಂದು ದೂರುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಖರ್ಚು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಆದರೆ ಬಿಲ್ಲು ಬೇರೆ ಯಾರಿಗೋ ಹೋಗುತ್ತಲೇ ಇರುತ್ತದೆ.

ನೀರನ್ನೇ ನೋಡಿ. ಕಾವೇರಿ ಬೆಂಗಳೂರಿಗೆ ತಾನಾಗಿ ಹರಿದು ಬರುವುದಿಲ್ಲ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಅದನ್ನು ಹಂತಹಂತವಾಗಿ ಪಂಪು ಮಾಡಿ ಏರಿಸಬೇಕು. ಚೆಲ್ಲಿದ ಪ್ರತಿ ಬಕೆಟ್ಟಿನಲ್ಲೂ ನೀರಿನೊಂದಿಗೆ ವಿದ್ಯುತ್ತೂ ಹೋಯಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದು ನೆನಪಿರಬಹುದು.

ಇನ್ನು ಊಟ. ಒಂದು ಕಿಲೋ ಅಕ್ಕಿ ಬೆಳೆಯಲು ಜಗತ್ತಿನ ಸರಾಸರಿಯಲ್ಲಿ ಸುಮಾರು 2,500 ಲೀಟರ್ ನೀರು ಬೇಕು. ಒಂದು ಹಿಡಿ ಅಕ್ಕಿಯ ಅನ್ನವನ್ನು, 40 ಗ್ರಾಂ ಎಂದುಕೊಳ್ಳಿ, ತಟ್ಟೆಯಲ್ಲಿ ಬಿಟ್ಟರೆ 100 ಲೀಟರ್ ಹೋಯಿತು. ನಿಮ್ಮ ಸ್ನಾನಕ್ಕೂ ಅಷ್ಟು ಬೇಕಿಲ್ಲ! ಆ ಅನ್ನ ಕಸದ ರಾಶಿಯಡಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಅನಿಲವಾಗುತ್ತದೆ. ನಗರದ ಕಸ ಹೊತ್ತು ಬೇಸತ್ತ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದರು. ಅವರ ಬಾವಿಯೂ ಅವರು ಉಸಿರಾಡುವ ಗಾಳಿಯೂ ನಮ್ಮ ಎಂಜಲಿನ ಬೆಲೆ ತೆತ್ತವು. ಐದು ಸಾವಿರ ಮಂದಿಗೆ ಉಣಬಡಿಸಿದ ಮೇಲೆ, ಉಳಿದ ತುಂಡುಗಳನ್ನು ಕೂಡಿಸುವಂತೆ ಯೇಸುಸ್ವಾಮಿ ಶಿಷ್ಯರಿಗೆ ಹೇಳಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಓದುತ್ತೇವೆ. ರೊಟ್ಟಿಯನ್ನು ಹೆಚ್ಚಿಸಬಲ್ಲವರಿಗೆ ತುಂಡುಗಳ ಚಿಂತೆ ಏಕೆ? ಈ ಪ್ರಶ್ನೆಯನ್ನು ನಿಮ್ಮ ಯುವಕೂಟದಲ್ಲಿ ಚರ್ಚೆಗಿಡಿ.

ಫ್ಯಾನಿನ ಮಾತು ಚಿಕ್ಕದು: ಹಳೆಯ ಮಾದರಿಯದು ಸುಮಾರು 75 ವ್ಯಾಟ್ ಎಳೆಯುತ್ತದೆ. ಕಾಲೇಜಿನ ಏಳು ಗಂಟೆ ಖಾಲಿ ಕೋಣೆಯಲ್ಲಿ ತಿರುಗಿದರೆ ಅರ್ಧ ಯೂನಿಟ್.

ಹಸಿರು ಬದುಕೆಂದರೆ ಹಸಿರು ಸಾಮಾನು ಕೊಳ್ಳುವುದೆಂದು ಅಂಗಡಿಗಳು ಈಗ ಹೇಳಿಕೊಡುತ್ತಿವೆ. ಬಿದಿರಿನ ಬ್ರಷ್ಷು, ಹೊಸ ಬಟ್ಟೆಚೀಲ, ಬಣ್ಣದ ಸ್ಟೀಲ್ ಬಾಟಲಿ. ಮಂಚದ ಕೆಳಗಿರುವ ಹಳೆಯ ಬಾಟಲಿಯನ್ನು ತೊಳೆದುಕೊಂಡರೆ ಸಾಲದೇ? ಸೀನಿಯರುಗಳ ಪುಸ್ತಕ, ರಿಪೇರಿಯಾದ ಮೊಬೈಲು, ಬಿಎಂಟಿಸಿ ಪಾಸು, ಇವು ಕಡಿಮೆ ಖರ್ಚಿನವು. ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ, ಬೇಡದ ದೀಪ ಆರಿಸುವುದು, ಬೇಕಾದಷ್ಟೇ ಅಡುಗೆ ಮಾಡುವುದು ಮುಂತಾದ ಸಣ್ಣ ಕೆಲಸಗಳನ್ನು ಹೆಸರಿಸಿ ಗೌರವಿಸಿದ್ದಾರೆ. ಅವುಗಳಲ್ಲಿ ಬಡ ವಿದ್ಯಾರ್ಥಿಗೆ ಎಟುಕದ್ದು ಬಹಳ ಇಲ್ಲ.

ಒಂದು ಪ್ರಯೋಗ ಮಾಡಿ. ವಾರ್ಡನರ ಅನುಮತಿ ಪಡೆದು, ಒಂದು ವಾರ ಪ್ರತಿ ರಾತ್ರಿ ಮೆಸ್ಸಿನ ಎಂಜಲು ಬಕೆಟ್ಟನ್ನು ತೂಗಿ, ಆ ತೂಕವನ್ನು ಬಾಗಿಲ ಬಳಿಯ ಹಲಗೆಯಲ್ಲಿ ಬರೆಯಿರಿ. ಯಾರ ಹೆಸರೂ ಬೇಡ, ಉಪದೇಶವೂ ಬೇಡ, ಕಿಲೋ ಮಾತ್ರ. ಅಡುಗೆಯವರನ್ನೂ ಕೂಡಿಸಿಕೊಳ್ಳಿ. ಯಾವ ದಿನ ಯಾವ ಪದಾರ್ಥ ಉಳಿಯುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತದೆ, ಇದುವರೆಗೆ ಯಾರೂ ಕೇಳಿರುವುದಿಲ್ಲ.