ಆನೆಯ ಕಾಸು

ಮಳವಳ್ಳಿಯ ಸಮೀಪದ ನಮ್ಮ ಹಳ್ಳಿಯ ಮನೆಯಲ್ಲಿ, ಅಜ್ಜಿ ತೀರಿಕೊಂಡ ಮೇಲೆ ಅವರ ಎಲೆಯಡಿಕೆಯ ಚೀಲವನ್ನು ಬಿಚ್ಚಿದಾಗ, ಸುಣ್ಣದ ಡಬ್ಬಿಯ ಅಡಿಯಲ್ಲಿ ಎರಡು ನಾಣ್ಯಗಳು ದೊರೆತವು. ಒಂದು ವಿಕ್ಟೋರಿಯಾ ರಾಣಿಯ ಮುಖವಿದ್ದ 1862ರ ಬೆಳ್ಳಿಯ ರೂಪಾಯಿ. ಮತ್ತೊಂದು, ಆನೆಯ ಚಿತ್ರವನ್ನು ಹೊತ್ತ, ಕಪ್ಪಗೆ ಮಾಸಿದ ದಪ್ಪ ತಾಮ್ರದ ಕಾಸು. 1799ರ ಮಾರ್ಚ್ 27ರಂದು ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷರ ಜನರಲ್ ಹ್ಯಾರಿಸನ ಸೈನ್ಯಕ್ಕೂ ಮಳವಳ್ಳಿಯಲ್ಲಿ ನಡೆದ ಕಾಳಗದ ಕಥೆಯನ್ನು ಬಾಲ್ಯದಿಂದಲೂ ಕೇಳುತ್ತ ಬೆಳೆದ ನನಗೆ, ಆ ಕಾಸು ಯಾವನೋ ಸಿಪಾಯಿಯ ಸೊಂಟದಿಂದ ಜಾರಿ ನಮ್ಮ ಹೊಲವನ್ನು ಸೇರಿದುದೆಂದೂ, ಅದರ ಬೆಲೆ ಲಕ್ಷಕ್ಕೆ ಕಡಮೆಯಿರದೆಂದೂ ತೋರಿದುದು ಸಹಜವೇ. ಬೆಲೆಯುಳ್ಳ ವಸ್ತುವನ್ನು ನಾಲ್ಕು ಜನಕ್ಕೆ ತೋರಿಸುವ ಮುನ್ನ ಶುಚಿಗೊಳಿಸಬೇಕೆಂದು, ತಾಮ್ರದ ಬಿಂದಿಗೆಯನ್ನು ಬೆಳಗುವಂತೆ, ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಅದನ್ನು ಚೆನ್ನಾಗಿ ತಿಕ್ಕಿದೆನು. ಕಾಸು ಕೆಂಪಗೆ ಹೊಳೆಯಿತು.

ಮದ್ದೂರಿನ ವೃದ್ಧ ಅಕ್ಕಸಾಲಿಗರೊಬ್ಬರು ಮೊದಲು ರೂಪಾಯಿಯನ್ನು ನೋಡಿದರು. ಅದರ ಅಂಚಿನಲ್ಲಿ ಬೆಸುಗೆಯ ಒಂದು ಸಣ್ಣ ಗಂಟು ಉಳಿದಿದ್ದುದನ್ನು ಉಗುರಿನಿಂದ ತೋರಿಸಿ, "ಇದು ಸರದಲ್ಲಿದ್ದ ರೂಪಾಯಿ ಸ್ವಾಮಿ, ಕೊಂಡಿ ಹಾಕಿ ತೆಗೆದವರೆ" ಎಂದರು. ಹಿಂದಿನ ರೂಪಾಯಿಯೆಂದರೆ ಒಂದು ತೊಲ, ಅಂದರೆ 11.66 ಗ್ರಾಂ, ಅದರಲ್ಲಿ 12ಕ್ಕೆ 11 ಪಾಲು ಶುದ್ಧ ಬೆಳ್ಳಿ. ಬೆಸುಗೆ ಬಿದ್ದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡರಾದುದರಿಂದ, ಆ ಬೆಳ್ಳಿಯ ಬೆಲೆಯೇ ಅದರ ಬೆಲೆಯೆಂದು ಅವರು ಹೇಳಿದರು. ನಾನು 1862 ಎಂಬ ಅಂಕೆಯನ್ನು ನೆಚ್ಚಿಕೊಂಡಿದ್ದೆನು. ಆದರೆ ಟಂಕಸಾಲೆಯವರು 1874ರವರೆಗೂ ಅದೇ ವರ್ಷವನ್ನು ಅಚ್ಚಿನಲ್ಲಿಟ್ಟು ರೂಪಾಯಿಗಳನ್ನು ಹೊಡೆದುದರಿಂದ, ಆ ಅಂಕೆಯ ನಾಣ್ಯಗಳು ಹೇರಳವಾಗಿವೆಯೆಂಬುದು ಆಮೇಲೆ ತಿಳಿಯಿತು.

ಆನೆಯ ಕಾಸನ್ನು ಮಂಡ್ಯದಲ್ಲಿ ನೆಲೆಸಿದ್ದ, ನಾಣ್ಯಸಂಗ್ರಹದಲ್ಲಿಯೇ ಆಯುಷ್ಯವನ್ನು ಸವೆಸಿದ ನಿವೃತ್ತ ಉಪಾಧ್ಯಾಯರ ಬಳಿಗೆ ಒಯ್ದೆನು. ಅವರು ಅದನ್ನು ಅಂಚಿನಲ್ಲಿ ಮಾತ್ರ ಹಿಡಿದು, ಕಿಟಕಿಯಿಂದ ಓರೆಯಾಗಿ ಬೀಳುತ್ತಿದ್ದ ಬೆಳಕಿಗೆ ಒಡ್ಡಿ, ಬಹಳ ಹೊತ್ತು ಮೌನವಾಗಿದ್ದು, "ಇದನ್ನು ಬೆಳಗಿದವರು ಯಾರಪ್ಪಾ?" ಎಂದು ಕೇಳಿದರು. ನನ್ನ ಬಾಯಿ ಕಟ್ಟಿತು.

ಅವರು ಕೋಪಿಸಿಕೊಳ್ಳಲಿಲ್ಲ, ಓದುವುದನ್ನು ಕಲಿಸಿದರು. ಆನೆಯ ಮೇಲೆ ಸೂರ್ಯಚಂದ್ರರ ನಡುವೆ "ಶ್ರೀ" ಎಂದಿದ್ದು, ಹಿಂಬದಿಯಲ್ಲಿ "ಮಯಿಲಿ ಕಾಸು" ಎಂಬ ಕನ್ನಡದ ಬರಹವಿದ್ದರೆ, ಅದು ಮುಮ್ಮಡಿ ಕೃಷ್ಣರಾಜ ಒಡೆಯರದು. ನನ್ನದರಲ್ಲಿ ಪಾರಸಿಯ ಅಕ್ಷರಗಳು ಮಾತ್ರವಿದ್ದುವು; ಅದು ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಹೊಡೆದ ಟಿಪ್ಪುವಿನ ಪೈಸೆ. ಶ್ರೀರಂಗಪಟ್ಟಣದ ಪೈಸೆಗಳು ಅಪಾರವಾಗಿ ಉಳಿದಿವೆ. ಧಾರವಾಡ, ಚಿತ್ರದುರ್ಗಗಳಲ್ಲಿ ಅಚ್ಚಾದವು ಅವಕ್ಕಿಂತ ವಿರಳ. ಆದುದರಿಂದ ಶ್ರೀರಂಗಪಟ್ಟಣದ ಪೈಸೆಗಳಲ್ಲಿ ಬೆಲೆಯ ಅಂತರವೆಲ್ಲ ವರ್ಷದಲ್ಲಿಯೂ ಅಚ್ಚಿನ ಸ್ಪಷ್ಟತೆಯಲ್ಲಿಯೂ ಇರುತ್ತದೆ. ಟಿಪ್ಪುವಿನ ಮೌಲೂದಿ ಶಕದ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕೆಂದು ಹೇಳಿ, ಆನೆಯ ಬೆನ್ನಿನ ಮೇಲಿನ ಜಾಗವನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಕೈಯಿಂದ ಕೈಗೆ ದಾಟಿ ಸವೆದು ಅಲ್ಲಿ ಉಳಿದಿದ್ದ ಅಂಕೆಗಳ ತೆಳುವಾದ ಏಣುಗಳಿಗೆ, ಸುತ್ತಲಿನ ಕಪ್ಪು ಪೊರೆಯೇ ನೆರಳಾಗಿ ಅವನ್ನು ಎತ್ತಿ ತೋರಿಸಬೇಕಾಗಿದ್ದಿತು. ಆ ಪೊರೆಯನ್ನು ನಾನು ಹುಣಸೆಯ ಹುಳಿಯಿಂದ ತೊಳೆದುಹಾಕಿದ್ದೆನು. ಒಂದು ಅಂಕೆ ಮಾತ್ರ ಕಾಣುತ್ತಿದ್ದಿತು. ಕೆಲವು ನೂರು ರೂಪಾಯಿ, ಅಷ್ಟೇ ಎಂದರು. ಕಾಳಗದ ಕಥೆಯನ್ನು ಹೇಳಿದಾಗ, "ಎಲ್ಲಿ ಸಿಕ್ಕಿತೆಂದು ಅಜ್ಜಿ ಹೇಳಿದ್ದರೇ?" ಎಂದರು. ಹೇಳಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಬೆಲೆ ಕಡಮೆಯಾದುದಕ್ಕಿಂತ ಇದೇ ನನ್ನನ್ನು ಹೆಚ್ಚಾಗಿ ನೋಯಿಸಿತು, ಇಂದಿಗೂ ನೋಯಿಸುತ್ತಿದೆ.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇಂತಹ ಕಾಸೊಂದು ಇದ್ದರೆ, ದಯವಿಟ್ಟು ಅದನ್ನು ಬೆಳಗಬೇಡಿ; ಒಣಗಿದ ಕಾಗದದ ಲಕೋಟೆಯಲ್ಲಿಟ್ಟು, ಅದು ಯಾರಿಂದ, ಎಲ್ಲಿಂದ ಬಂದಿತೆಂಬುದನ್ನು, ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಮೇಲೆ ಬರೆದಿಡಿ.