ಮೊದಲು ಮಾತ್ರೆಯೋ, ಮೊದಲು ಸಿಗರೇಟೋ?

ಪ್ರಶ್ನೆ: ನನಗೆ 29 ವರ್ಷ. ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ. ಕಾಲೇಜಿನ ದಿನಗಳಿಂದ ಸಿಗರೇಟು ಸೇದುತ್ತಿದ್ದೇನೆ. ಈಗ ದಿನಕ್ಕೆ ಹತ್ತು ದಾಟುತ್ತದೆ. ತಪಾಸಣೆಯಲ್ಲಿ ರಕ್ತದೊತ್ತಡ 152/98 ಎಂದು ಬಂತು. ಎರಡು ವಾರದ ಬಳಿಕವೂ ಹೆಚ್ಚುಕಡಿಮೆ ಅಷ್ಟೇ. ವೈದ್ಯರು ಮಾತ್ರೆ ಬರೆದಿದ್ದಾರೆ. ಸಿಗರೇಟು ಬಿಟ್ಟರೆ ಬಿ.ಪಿ. ತಾನೇ ಇಳಿಯುತ್ತದೆ, ಈ ವಯಸ್ಸಿಗೇ ಮಾತ್ರೆ ಏಕೆ ಎಂದು ಮನೆಯಲ್ಲಿ ಹೇಳುತ್ತಾರೆ. ಎರಡು ಸಲ ಬಿಡಲು ಹೋಗಿ ಮೂರನೆಯ ದಿನಕ್ಕೇ ಸೋತಿದ್ದೇನೆ. ಏನು ಮಾಡಲಿ?

ಉತ್ತರ: ನಿಮ್ಮ ಮನೆಯವರ ಮಾತು ಅಕ್ಕರೆಯಿಂದ ಹುಟ್ಟಿದ್ದಾದರೂ ಅದರಲ್ಲಿ ಅರ್ಧ ಮಾತ್ರ ಸತ್ಯವಿದೆ. ಹೊಗೆಯೊಡನೆ ಒಳಸೇರಿದ ನಿಕೋಟಿನ್ ಕೆಲವೇ ಕ್ಷಣಗಳಲ್ಲಿ ಮಿದುಳನ್ನು ಮುಟ್ಟಿ, ಅಡ್ರಿನಲಿನ್ ಮೊದಲಾದ ಸ್ರಾವಗಳನ್ನು ಕೆರಳಿಸಿ, ನಾಡಿಯ ವೇಗವನ್ನು ಹೆಚ್ಚಿಸಿ, ರಕ್ತನಾಳಗಳನ್ನು ಸಂಕುಚಿತಗೊಳಿಸುವುದರಿಂದ, ಪ್ರತಿಯೊಂದು ಸಿಗರೇಟಿನ ತರುವಾಯ ಒತ್ತಡವು ಏರಿ, ಸುಮಾರು ಅರ್ಧ ಗಂಟೆಯಲ್ಲಿ ಮತ್ತೆ ಇಳಿಯುತ್ತದೆ. ಆದರೆ ಸೇದುವುದನ್ನು ಬಿಟ್ಟವರಲ್ಲಿ ಅನೇಕರ ಅಂಕಿ ನಿರೀಕ್ಷಿಸಿದಷ್ಟು ಇಳಿಯುವುದಿಲ್ಲ. ಹಸಿವು ಮರಳಿ ತೂಕ ನಾಲ್ಕೈದು ಕಿಲೋ ಏರಿತೆಂದರೆ ಕೊಂಚ ಹೆಚ್ಚಲೂಬಹುದು. ಇದನ್ನು ಕಂಡು, ಬಿಟ್ಟು ಫಲವೇನೆಂದು ನಿರಾಶರಾಗಿ ಮತ್ತೆ ಸೇದತೊಡಗಿದ ತರುಣರಿಗಾಗಿ ನಾನು ಬಹಳ ಮರುಗಿದ್ದೇನೆ. ಅಧಿಕ ಒತ್ತಡವು ರಕ್ತನಾಳದ ನವುರಾದ ಒಳಪದರವನ್ನು ದಿನವೂ ಘಾಸಿಗೊಳಿಸುತ್ತಿರಲು, ಹೊಗೆಯು ಆ ಘಾಸಿ ಮಾಯದಂತೆ ತಡೆದು, ರಕ್ತವು ಹೆಪ್ಪುಗಟ್ಟುವ ಪ್ರವೃತ್ತಿಯನ್ನೂ ಬೆಳೆಸುತ್ತದೆ. ಧೂಮಪಾನ ತ್ಯಾಗದ ಫಲವನ್ನು ಕಾಣಬೇಕಾದುದು ಅಲ್ಲಿ. ಬಿಟ್ಟ ಒಂದು ವರ್ಷದೊಳಗೆ, ಸಿಗರೇಟಿನಿಂದ ಬಂದ ಹೃದಯಾಘಾತದ ಹೆಚ್ಚಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದುದರಿಂದ ಒಂದು ಮುಗಿಯಲೆಂದು ಇನ್ನೊಂದನ್ನು ಕಾಯಿಸದಿರಿ. ಮಾತ್ರೆಯನ್ನು ಇಂದೇ ಆರಂಭಿಸಿ, ಬಿಡುವ ದಿನವನ್ನೂ ಈ ವಾರದಲ್ಲೇ ಗೊತ್ತುಮಾಡಿಕೊಳ್ಳಿ. ಮುಂದೆ ತೂಕವೂ ಉಪ್ಪೂ ಹತೋಟಿಗೆ ಬಂದು ಒತ್ತಡವು ಸ್ಥಿರವಾಗಿ ಇಳಿದರೆ, ಮಾತ್ರೆಯನ್ನು ತಗ್ಗಿಸುವ ವಿಚಾರವನ್ನು ನಿಮ್ಮ ವೈದ್ಯರೇ ಎತ್ತಿಯಾರು.

ಅಳತೆಯ ವಿಷಯದಲ್ಲೊಂದು ಮಾತು. ನನ್ನಲ್ಲಿಗೆ ಬರುತ್ತಿದ್ದ ಓರ್ವ ತರುಣನು, ವೈದ್ಯರೆದುರು ವಾಸನೆ ಬರಬಾರದೆಂಬ ಸಂಕೋಚದಿಂದ ಬೆಳಗಿನಿಂದ ಸೇದದೆ, ಏಲಕ್ಕಿ ಅಗಿಯುತ್ತ ಬಂದು ಕೂರುತ್ತಿದ್ದನು. ಪಟ್ಟಿ ಸುತ್ತುವಾಗ ಅವನ ಬೆರಳ ತುದಿಯ ಹಳದಿ ಕಲೆ ಕಣ್ಣಿಗೆ ಬೀಳುತ್ತಿತ್ತು. ನನ್ನೆದುರು 134 ತೋರಿದ ಒತ್ತಡವು ಅವನ ಮನೆಯಲ್ಲಿ ಸಂಜೆಯ ಹೊತ್ತು 150 ದಾಟುತ್ತಿತ್ತೆಂಬುದು, ಅವನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತಂದ ಅಂಕಿಗಳಿಂದ ತಿಳಿಯಿತು. ನೀವೂ ಒಂದು ವಾರ ಬೆಳಿಗ್ಗೆ, ಸಂಜೆ, ಸೇದಿ ಅರ್ಧ ಗಂಟೆ ಕಳೆದ ಮೇಲೆ, ಐದು ನಿಮಿಷ ಸುಮ್ಮನೆ ಕುಳಿತು ಅಳೆದು ಬರೆದಿಡಿ. ಮನೆಯ ಅಳತೆಯ ಸರಾಸರಿ 135/85ಕ್ಕಿಂತ ಕೆಳಗಿರತಕ್ಕದ್ದು. ಈ ವಯಸ್ಸಿನಲ್ಲಿ ಒತ್ತಡ ಏರಿದಾಗ ಬೇರೆ ಕಾರಣವಿದೆಯೇ ಎಂದು ನೋಡುವುದೂ ಕರ್ತವ್ಯವಾದ್ದರಿಂದ ಮೂತ್ರ, ಕ್ರಿಯಾಟಿನಿನ್, ಪೊಟ್ಯಾಸಿಯಂ, ಥೈರಾಯ್ಡ್, ಇ.ಸಿ.ಜಿ. ಪರೀಕ್ಷೆಗಳನ್ನು ಮಾಡಿಸಿ; ಜೋರಾಗಿ ಗೊರಕೆ ಹೊಡೆಯುವಿರಾದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಮೂರನೆಯ ದಿನ ಸೋತದ್ದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ನಿಕೋಟಿನ್ ತಪ್ಪಿದ ಚಡಪಡಿಕೆ ಅತ್ಯಂತ ತೀವ್ರವಾಗುವುದೇ ಎರಡನೆಯ, ಮೂರನೆಯ ದಿನಗಳಲ್ಲಿ. ಆ ದಿನಗಳಿಗೆ ವೈದ್ಯರನ್ನು ಕೇಳಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಇಟ್ಟುಕೊಳ್ಳಬಹುದು. ಹೊಗೆಗೆ ಹೋಲಿಸಿದರೆ ಅದರ ನಿಕೋಟಿನ್ ನಿಧಾನವಾಗಿ, ಅಲ್ಪವಾಗಿ ರಕ್ತ ಸೇರುತ್ತದೆ. ಅದನ್ನು ಎಲೆಯಡಿಕೆಯಂತೆ ಎಡೆಬಿಡದೆ ಜಗಿಯಬಾರದು. ಕಾಳುಮೆಣಸು ಕಚ್ಚಿದಂಥ ಚುರುಕು ನಾಲಿಗೆಗೆ ತಗಲಿದೊಡನೆ ಕೆನ್ನೆಗೂ ವಸಡಿಗೂ ನಡುವೆ ಇರಿಸಿ, ಚುರುಕು ಅಡಗಿದ ಮೇಲೆ ಮತ್ತೆ ಮೆಲ್ಲಗೆ ಜಗಿಯಬೇಕು. ಕಾಫಿಯನ್ನು ಅರ್ಧಕ್ಕೆ ಇಳಿಸಿ. ಹೊಗೆಯು ಕೆಫೀನನ್ನು ದೇಹದಿಂದ ಬೇಗ ಕಳೆಯುತ್ತಿತ್ತು. ಬಿಟ್ಟ ಮೇಲೆ ಅದೇ ಎರಡು ಲೋಟ ಎದೆ ಡವಗುಟ್ಟಿಸಿ ನಿದ್ದೆ ಕೆಡಿಸುತ್ತದೆ, ಜನ ಅದನ್ನು ಸಿಗರೇಟಿನ ಹಂಬಲವೆಂದೇ ಭಾವಿಸುತ್ತಾರೆ. ಬ್ಯುಪ್ರೋಪಿಯಾನ್ ಮಾತ್ರೆಯನ್ನು ಯಾರಾದರೂ ಸೂಚಿಸಿದರೆ, ಅದು ಒತ್ತಡವನ್ನು ಏರಿಸಬಲ್ಲದಾದ್ದರಿಂದ, ನಿಮ್ಮ ಅಂಕಿಗಳನ್ನು ಮೊದಲು ತೋರಿಸಿ. ಬಾಯಿಗೆ ಗುಟ್ಕಾ ಮಾತ್ರ ಬೇಡ. ಅದರಲ್ಲಿಯೂ ಅದೇ ನಿಕೋಟಿನ್ ಇದೆ. ಮಾತಾಡಿ ಹಗುರಾಗಬೇಕೆನಿಸಿದರೆ 1800-11-2356 ಸಂಖ್ಯೆಗೆ ಕರೆಮಾಡಿ, ಶುಲ್ಕವಿಲ್ಲ.

ಪ್ರಶ್ನೆ: ನನ್ನ ಅಣ್ಣ ಬಿ.ಪಿ.ಗೆ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಾನೆ. ಬೀಡಿ ಸೇದುವ ನಾನೂ ಅದನ್ನೇ ನುಂಗಬಹುದೇ?

ಉತ್ತರ: ಬೇಡ. ಬ್ರಿಟನ್ನಿನಲ್ಲಿ 17,000ಕ್ಕೂ ಮಿಕ್ಕ ಜನರ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಇದೇ ಔಷಧವು ಸೇದದವರಲ್ಲಿ ಪಾರ್ಶ್ವವಾಯುವನ್ನು ತಗ್ಗಿಸಿತಾದರೂ ಸೇದುವವರಲ್ಲಿ ಆ ರಕ್ಷಣೆ ಕಾಣಲಿಲ್ಲ. ಆಸ್ತಮಾ ಇದ್ದವರಿಗಂತೂ ಇದು ಅಪಾಯಕರ. ವೈದ್ಯರ ಬಳಿಗೆ ಹೋದಾಗ ಬೀಡಿಯ ಸಂಗತಿಯನ್ನು ಮುಚ್ಚಿಡದೆ, ದಿನಕ್ಕೆ ಎಷ್ಟು ಕಟ್ಟು ಎಂಬುದನ್ನೂ ಹೇಳಿ. ಮಾತ್ರೆಯ ಆಯ್ಕೆಯಲ್ಲಿ ಅದೂ ಗಣನೆಗೆ ಬರುತ್ತದೆ.