ಕೇಪಿನ ಕೋವಿಗೆ ಹೊಸ ಸ್ಪ್ರಿಂಗು

ಹಳೆಯ ಕೇಪಿನ ಕೋವಿಯ ಲಾಕಿನೊಳಗಿರುವ ದೊಡ್ಡ ಸ್ಪ್ರಿಂಗು ಅಂಗಡಿಯಲ್ಲಿ ಕೊಳ್ಳುವ ವಸ್ತುವಲ್ಲ. ಒಂದು ಕೋವಿಯದನ್ನು ಬಿಚ್ಚಿ ಇನ್ನೊಂದಕ್ಕೆ ಹಾಕೋಣವೆಂದರೆ ಕೂರುವುದಿಲ್ಲ. ಆ ಕಾಲದ ಬೇಟೆಕೋವಿಗಳ ಒಂದೊಂದು ಲಾಕನ್ನೂ ಯಾರೋ ಕೆಲಸಗಾರ ಅರ ಹಿಡಿದು, ಅದರದೇ ಅಳತೆಗೆ ಕೂರಿಸಿರುತ್ತಾನೆ. ಮುರಿದರೆ ಕೈಯಲ್ಲೇ ಮಾಡಬೇಕು. ಕೋವಿ ರಿಪೇರಿಯ ಲೈಸೆನ್ಸು, ತಂದೆಯ ಕುಲುಮೆ, ಅವರ ಅರಗಳು, ಇವಿಷ್ಟನ್ನು ಇಟ್ಟುಕೊಂಡು ನಾನು ಮಲೆನಾಡಿನ ಒಂದು ಸಣ್ಣ ಪೇಟೆಯಲ್ಲಿ ಈ ಕೆಲಸ ಮಾಡುತ್ತಿದ್ದೇನೆ. ಕಳೆದ ದಸರೆಯ ಹೊತ್ತಿಗೆ ಬಂದ ಒಂದು ಕೋವಿ ನನಗೆ ಕೊಟ್ಟ ಕಷ್ಟ ಇನ್ನೊಬ್ಬರಿಗೆ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಅಡಿಕೆ ತೋಟದ ಗೌಡರ ಮನೆಯ ಕೋವಿ ಅದು. ಒಂಟಿ ನಳಿಗೆ. ನಳಿಗೆಯ ಬುಡದಲ್ಲಿ ಕಿರೀಟದ ಕೆಳಗೆ ಅಡ್ಡಡ್ಡ ಇಟ್ಟ ಎರಡು ರಾಜದಂಡಗಳ ಮುದ್ರೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆಯವರು ಈ ಮುದ್ರೆಯನ್ನು 1813ರಿಂದ 1904ರವರೆಗೆ ಒತ್ತುತ್ತಿದ್ದರು. ಹಾಗಾಗಿ ಎಷ್ಟು ಕಡಿಮೆ ಹಿಡಿದರೂ ನೂರಿಪ್ಪತ್ತು ವರ್ಷ ದಾಟಿದ ಮಾಲು. ಗೌಡರು ತೀರಿಕೊಂಡ ಮೇಲೆ ಕಾನೂನಿನಂತೆ ಕೋವಿ ಠಾಣೆಗೆ ಹೋಯಿತು. ಮಗನ ಹೆಸರಿಗೆ ಲೈಸೆನ್ಸು ಆಗುವುದಕ್ಕೆ ವರ್ಷಗಳೇ ಹಿಡಿದವು. ವಾಪಸು ಬಂದಾಗ, ಕೇಪಿನ ಮೇಲೆ ಬಡಿಯುವ ಕುದುರೆಯನ್ನು ಎತ್ತಿದರೆ ಅದು ಸತ್ತ ಕೋಳಿಯ ಕತ್ತಿನಂತೆ ಜೋತು ಬೀಳುತ್ತಿತ್ತು.

ಬಾಯಿಂದ ಮದ್ದು ತುಂಬುವ ಕೋವಿ ಯಾರ ಕೈಯಿಂದ ಬಂದರೂ ನಾನು ಮೊದಲು ನೋಡುವುದು ಒಳಗೆ ಮದ್ದು ಉಳಿದಿದೆಯೇ ಎಂದು. ಮದ್ದು ಜಡಿಯುವ ಗಜವನ್ನು ನಳಿಗೆಯೊಳಗೆ ಬಿಟ್ಟು, ಬಾಯಿಯ ಹತ್ತಿರ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಯ ಉದ್ದಕ್ಕೆ ಹಿಡಿದು ನೋಡುತ್ತೇನೆ. ಗಜದ ತುದಿ ಬುಡ ಮುಟ್ಟದಿದ್ದರೆ ಒಳಗೆ ಏನೋ ಇದೆ ಎಂದರ್ಥ. ವರ್ಷಗಟ್ಟಲೆ ತುಂಬಿಯೇ ಇಟ್ಟ ಕೋವಿಗಳು ನನ್ನ ಮೇಜಿಗೆ ಬಂದಿವೆ. ಇದನ್ನು ನೋಡದೆ ಯಾರೂ ಲಾಕಿಗೆ ಕೈ ಹಾಕಬಾರದು.

ಇದು ಖಾಲಿಯಿತ್ತು. ಲಾಕು ಬಿಚ್ಚಲು ಹೋದರೆ ಮೊಳೆಯ ತಲೆಯ ಗೀರುಗಳೆಲ್ಲ ಹರಿದು ಹೋಗಿವೆ. ಯಾರೋ ದಪ್ಪ ಸ್ಕ್ರೂಡ್ರೈವರ್ ಹಾಕಿ ತಿರುವಿದ್ದಾರೆ. ಒಳಗೆ ಸ್ಪ್ರಿಂಗಿನ ಒಂದೇ ತುಂಡಿತ್ತು. ಇನ್ನೊಂದು ಎಲ್ಲಿ? ಠಾಣೆಯಲ್ಲಿ ಕೇಳಿ ಬಾ ಎಂದು ಗೌಡರ ಮಗನನ್ನು ಕಳಿಸಿದೆ. ಅಲ್ಲಿ ಮಾಲಿನ ಕೋಣೆ ನೋಡಿಕೊಳ್ಳುವವನು, "ಹಳೇ ಕಬ್ಬಿಣ, ಮುರೀದೆ ಇನ್ನೇನಾಗುತ್ತೆ? ಇಟ್ಟ ಹಾಗೇ ಇತ್ತು, ಯಾರೂ ಮುಟ್ಟಿಲ್ಲ" ಎಂದನಂತೆ.

ಯಾರೂ ಮುಟ್ಟಿಲ್ಲ ಎಂಬ ಮಾತು ಸುಳ್ಳು, ಅದಕ್ಕೆ ಲಾಕೇ ಸಾಕ್ಷಿ. ಕುದುರೆಯ ಜೊತೆ ತಿರುಗುವ ಒಳಗಿನ ಬಿಲ್ಲೆಯಲ್ಲಿ ಎರಡು ಕಚ್ಚುಗಳಿರುತ್ತವೆ, ಅರ್ಧ ಎತ್ತಿದ್ದಕ್ಕೆ ಒಂದು, ಪೂರ್ತಿ ಎತ್ತಿದ್ದಕ್ಕೆ ಒಂದು. ಬಿಲ್ಲೆಯೆಲ್ಲ ತುಕ್ಕು ಹಿಡಿದು ಕೆಂಪಾಗಿತ್ತು. ಪೂರ್ತಿ ಎತ್ತುವ ಕಚ್ಚಿನಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಟ್ರಿಗರಿನ ಮೇಲಿನ ನಾಲಗೆ ಅಲ್ಲಿ ಕೂತಿದ್ದರಿಂದ ಅಷ್ಟಕ್ಕೆ ತುಕ್ಕು ಹತ್ತಿಲ್ಲ. ಯಾರೋ ಆಟಕ್ಕೆ ಕುದುರೆ ಎತ್ತಿದ್ದಾರೆ, ಇಳಿಸದೆ ಗೋಡೆಗೆ ಒರಗಿಸಿದ್ದಾರೆ. ಮಲೆನಾಡಿನ ಮಳೆಗಾಲಗಳು ಹಾಗೆಯೇ ಕಳೆದಿವೆ. ಎಳೆದು ಬಿಗಿದ ಸ್ಪ್ರಿಂಗು, ಮೇಲೆ ತೇವ. ತುಕ್ಕು ಮೈಯಲ್ಲಿ ಗುಳಿ ತೋಡುತ್ತದೆ, ಗುಳಿಯಿಂದ ಸೀಳು ಹೊರಡುತ್ತದೆ, ಒಂದು ದಿನ ಟಪ್ ಎನ್ನುತ್ತದೆ. ಗೌಡರು ಬದುಕಿರುವಾಗ ಪ್ರತಿ ಮಳೆಗಾಲದ ಮುಂಚೆ ಎಣ್ಣೆ ಹಾಕಿಸಿಕೊಂಡು ಹೋಗುತ್ತಿದ್ದ ಕೋವಿ ಅದು. ನನ್ನ ಕೈಯಲ್ಲೇ ಎಣ್ಣೆ ಕುಡಿದದ್ದು. ಆ ಹೊಳೆಯುವ ಚುಕ್ಕೆಯನ್ನು ನೋಡಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಎರಡೂ ತುಂಡು ಇದ್ದಿದ್ದರೆ ಜೋಡಿಸಿ, ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಲ್ಲದ್ದರಿಂದ ಲಾಕನ್ನೇ ಕೇಳಬೇಕಾಯಿತು. ಮಡಿಚಿದ ಪಟ್ಟಿಯಂತಿರುವ ಈ ಸ್ಪ್ರಿಂಗಿನ ಮೇಲಿನ ಎಲೆಯಲ್ಲಿರುವ ಗುಬುಟು ಪ್ಲೇಟಿನ ಯಾವ ತೂತಿಗೆ ಕೂರುತ್ತದೆ, ಕೆಳಗಿನ ಎಲೆಯ ತುದಿಯ ಕೊಕ್ಕೆ ಬಿಲ್ಲೆಯನ್ನು ಎಲ್ಲಿ ಹಿಡಿಯುತ್ತದೆ, ಕುದುರೆ ಪೂರ್ತಿ ಎತ್ತಿದಾಗ ಎರಡು ಎಲೆಗಳ ನಡುವೆ ಎಷ್ಟು ಸಂದು ಉಳಿಯಬೇಕು, ಎಲ್ಲವನ್ನೂ ಹಿತ್ತಾಳೆ ತಗಡಿನಲ್ಲಿ ಕತ್ತರಿಸಿ ಕೂರಿಸಿ ನೋಡಿದೆ. ಈ ತಗಡಿನ ಅಚ್ಚು ಮಾಡಲು ಬೇಸರ ಪಡುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಇನ್ನು ಉಕ್ಕು. ನಾನು ಯಾವಾಗಲೂ ಬಳಸುವುದು ಇಎನ್ 42ಜೆ ಪಟ್ಟಿ. ನೂರಕ್ಕೆ ಮುಕ್ಕಾಲರಷ್ಟು ಇಂಗಾಲವಿರುವ ಸರಳ ಉಕ್ಕು, ಹೇಳಿದ ಮಾತು ಕೇಳುತ್ತದೆ. ಬೆಂಗಳೂರಿನಿಂದ ಬರಬೇಕಿದ್ದ ಪಾರ್ಸೆಲ್ ತಡವಾಯಿತು. ಆಯುಧಪೂಜೆಗೆ ಕೋವಿ ಸರಿಯಾಗಿ ಮನೆಯಲ್ಲಿರಬೇಕು, ಗೌಡರು ಹೋದ ಮೇಲೆ ಅದು ಮನೆಗೆ ಬಂದ ಮೊದಲ ಹಬ್ಬ ಎಂದು ಅವರ ಹೆಂಡತಿ ಕೇಳಿಕೊಂಡಿದ್ದರು. ಅಷ್ಟರಲ್ಲಿ ನನ್ನ ಭಾವ ಜೀಪಿನ ಸ್ಪ್ರಿಂಗು ಪಟ್ಟಿಯ ಒಂದು ತುಂಡು ತಂದ. ಅವನದು ಗ್ಯಾರೇಜು. "ಹೊಸ ಪಟ್ಟಿಯಿಂದ ಕೊಯ್ದದ್ದು ಭಾವ, ಗಾಡಿಗೆ ಹಾಕೇ ಇಲ್ಲ, ಕಣ್ಣು ಮುಚ್ಚಿ ಮಾಡು" ಎಂದ. ಆ ಮಾತನ್ನು ಅವನು ನನ್ನ ಹೆಂಡತಿಯ ಎದುರಿಗೇ ಹೇಳಿದ್ದಾನೆ.

ಪಟ್ಟಿಯನ್ನು ಕೆಂಪಗೆ ಕಾಯಿಸಿ ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟೆ. ಮೆತ್ತಗಾದ ಮೇಲೆ ಕೊಯ್ದು ಅರ ಹಾಕಿದೆ. ಅರ ಯಾವಾಗಲೂ ಉದ್ದಕ್ಕೆ ಹೋಗಬೇಕು. ಅಡ್ಡ ಗೀರು ಒಂದು ಉಳಿದರೂ ಸ್ಪ್ರಿಂಗು ಮುರಿಯುವುದು ಅಲ್ಲೇ. ಎಲೆ ಬಾಗಿನ ಹತ್ತಿರ ದಪ್ಪ, ಅಗಲ, ಕೊಕ್ಕೆಯ ಕಡೆಗೆ ಹೋದಂತೆ ಎರಡೂ ಸಣ್ಣದಾಗಬೇಕು. ಹಾಗಾದಾಗಲೇ ಇಡೀ ಎಲೆ ಸಮನಾಗಿ ಬಾಗುತ್ತದೆ, ಭಾರವೆಲ್ಲ ಒಂದೇ ಕಡೆ ಬೀಳುವುದಿಲ್ಲ. ಕಿತ್ತಳೆ ಬಣ್ಣಕ್ಕೆ ಕಾಯಿಸಿ, ನಡುವೆ ತೆಳು ಉಕ್ಕಿನ ಹಲಗೆ ಇಟ್ಟು ಮಡಿಚಬೇಕು. ಕೆಂಪು ಆರಿದ ಮೇಲೆ ಒಂದು ಪೆಟ್ಟೂ ಕೂಡದು. ಮಡಿಕೆ ಕಾಗದದ ಮಡಿಕೆಯಂತೆ ಚೂಪಾಗದೆ ಒಳಗೆ ಸಣ್ಣ ಕಣ್ಣು ಉಳಿಯಬೇಕು. ಎಲೆಗಳು ಒತ್ತಿದಾಗ ಹಿಗ್ಗುವುದು ಹೊರಮೈ. ಅದಕ್ಕೇ ಬಾಗಿನ ಹೊರಮೈಯನ್ನು ನಾನು ಎಮರಿ ಕಾಗದದಲ್ಲಿ ಕನ್ನಡಿಯ ಹೊಳಪು ಬರುವತನಕ ಉಜ್ಜುತ್ತೇನೆ. ನೋಡುವವರಿಗೆ ಅದು ಚೆಂದಕ್ಕೆ ಮಾಡಿದಂತೆ ಕಾಣುತ್ತದೆ. ಸ್ಪ್ರಿಂಗಿನ ಆಯಸ್ಸು ಇರುವುದೇ ಅಲ್ಲಿ.

ಹದಕ್ಕೆ ಅಯಸ್ಕಾಂತ ಇಟ್ಟುಕೊಳ್ಳಿ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ತುಸು ಮೇಲೆ ಹೋಗಿ, ಬೆಚ್ಚಗಿನ ಎಣ್ಣೆಯಲ್ಲಿ ನೇರವಾಗಿ ಅದ್ದಬೇಕು. ನೀರಿನಲ್ಲಿ ಅದ್ದಿದರೆ ಈ ತೆಳು ಎಲೆ ಸೀಳುತ್ತದೆ. ಎಣ್ಣೆಯಿಂದ ತೆಗೆದ ಸ್ಪ್ರಿಂಗು ಗಾಜಿನಷ್ಟು ಗಡುಸು, ಅರ ಜಾರುತ್ತದೆ. ಆಮೇಲೆ ಮತ್ತೆ ಬೆಳ್ಳಗೆ ಉಜ್ಜಿ ನಿಧಾನಕ್ಕೆ ಕಾಯಿಸುತ್ತಾ ಬಂದರೆ ಹುಲ್ಲಿನ ಬಣ್ಣ, ಕಂದು, ನೇರಳೆ ಕಳೆದು 300 ಡಿಗ್ರಿಯ ಹತ್ತಿರ ನೀಲಿ ಬರುತ್ತದೆ. ಸ್ಪ್ರಿಂಗಿಗೆ ನೀಲಿಯನ್ನೂ ದಾಟಬೇಕು. ತಂದೆ ಸಣ್ಣ ಕಬ್ಬಿಣದ ತಟ್ಟೆಯಲ್ಲಿ ಸ್ಪ್ರಿಂಗು ಮುಳುಗುವಷ್ಟು ಎಣ್ಣೆ ಹಾಕಿ, ಬೆಂಕಿ ಹಚ್ಚಿ, ಅದು ಉರಿದು ಆರುವತನಕ ಬಿಡುತ್ತಿದ್ದರು. ನಾನೂ ಹಾಗೆಯೇ ಮಾಡುತ್ತೇನೆ, ಯಾವಾಗಲೂ ಅಂಗಳದಲ್ಲಿ.

ಆಯುಧಪೂಜೆಯ ಹಿಂದಿನ ಸಂಜೆ ಗೌಡರ ಮನೆಯ ಅಮ್ಮ, ಮಗ ಇಬ್ಬರೂ ಬಂದು ಅಂಗಡಿಯ ಬೆಂಚಿನ ಮೇಲೆ ಕೂತರು. ಸ್ಪ್ರಿಂಗನ್ನು ವೈಸಿಗೆ ಕಚ್ಚಿಸಿ, ಬಟ್ಟೆ ಮುಚ್ಚಿ, ಕೂದಲೆಳೆಯಷ್ಟೇ ಬಿಗಿಯುತ್ತಾ ಬಂದೆ. ಲಾಕಿನಲ್ಲಿ ಎಷ್ಟು ಮುಚ್ಚಬೇಕೋ ಅಷ್ಟಕ್ಕೆ ತಂದು ಬಿಟ್ಟೆ. ಹಾರಿ ತನ್ನ ಅಗಲಕ್ಕೆ ಬಂತು. ಅಳೆದೆ. ಕೂದಲಷ್ಟೂ ಕುಗ್ಗಿಲ್ಲ. ಲಾಕಿಗೆ ಕೂರಿಸಿದೆ. ಕುದುರೆ ಎತ್ತಿದೆ, ಅರ್ಧಕ್ಕೆ ಟಿಕ್, ಪೂರ್ತಿಗೆ ಟಿಕ್. ಆ ಎರಡು ಸದ್ದು ಕೇಳಿ ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. "ಅವರು ಎತ್ತಿದ ಹಾಗೇ ಕೇಳ್ತು" ಎಂದರು. ಹೆಬ್ಬೆರಳಲ್ಲಿ ತಡೆದು ಕುದುರೆ ಇಳಿಸಿದೆ. ಮಗ, "ಅಣ್ಣ, ನಾನೊಂದು ಸಲ ಎತ್ತಲಾ?" ಎಂದು ಕೈ ಚಾಚಿದ. ತಡಿ ಎಂದು ನಾನೇ ಇನ್ನೊಮ್ಮೆ ಎತ್ತಿದೆ. ಅರ್ಧದ ಟಿಕ್ ಬಂತು. ಪೂರ್ತಿಯದು ಬರುವ ಮೊದಲೇ ಪಟ್ಟೆಂದು ಸದ್ದು. ಹೆಬ್ಬೆರಳಿನ ಕೆಳಗಿದ್ದ ಬಿಗಿ ಒಮ್ಮೆಲೇ ಇಲ್ಲವಾಯಿತು. ಎಲೆಯೊಂದು ಹಾರಿ ಕಪಾಟಿನ ಗಾಜಿಗೆ ಬಡಿದು ಗಾಜು ಉದ್ದಕ್ಕೆ ಬಿರುಕು ಬಿಟ್ಟಿತು. ಕೈ ಚಾಚಿ ನಿಂತಿದ್ದ ಹುಡುಗನ ಕೆನ್ನೆಯಿಂದ ಅದು ಗೇಣು ದೂರದಲ್ಲಿ ಹೋಗಿತ್ತು. ಅವನ ಕಣ್ಣಿಗೆ ಬಡಿದಿದ್ದರೆ ಎಂಬ ಯೋಚನೆ ಬಂದು ನನ್ನ ಕಾಲುಗಳು ನಡುಗಿದವು. ಲಾಕನ್ನು ಮೇಜಿನ ಮೇಲಿಡಲೂ ಆಗದೆ ಹಿಡಿದುಕೊಂಡೇ ಕೂತೆ. ಯಾರೂ ಮಾತಾಡಲಿಲ್ಲ. ಅಮ್ಮ ಮೊದಲು ಮಗನ ಮುಖ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ, "ನಿಂಗೇನೂ ಆಗಿಲ್ವಲ್ಲ ಮಾರಾಯ?" ಎಂದರು.

ಮುರಿದ ತುದಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಹೊಸದಾಗಿ ಮುರಿದ ಉಕ್ಕು ಸಣ್ಣ ರವೆಯಂತೆ ಬೂದು ಬಣ್ಣ ಇರುತ್ತದೆ. ಇಲ್ಲಿ ಹೊರಮೈಯ ಅಂಚಿನಲ್ಲಿ ಉಗುರಿನ ಚೂರಿನ ಆಕಾರದ ಕಪ್ಪು ಕಲೆ. ಅದು ಹಳೆಯ ಸೀಳು, ನನ್ನ ಕುಲುಮೆಗೆ ಬರುವ ಮೊದಲೇ ಇದ್ದದ್ದು. ಭಾರ ಹೊತ್ತು ಹೊತ್ತು ದಣಿದ ಪಟ್ಟಿಯಲ್ಲಿ ಹಾಗಾಗುತ್ತದೆ. ಗಾಡಿಗೆ ಹಾಕದ ಪಟ್ಟಿ ದಣಿಯುವುದು ಹೇಗೆ? ಭಾವನಿಗೆ ಫೋನು ಮಾಡಿದರೆ, ಹುಡುಗರು ಯಾವ ರಾಶಿಯಿಂದ ಕೊಯ್ದರೋ ತಿಳಿಯದು ಎಂದ. ಅದರ ಮೇಲೆ ಜೀಪಿನ ಪಟ್ಟಿ ಸಿಲಿಕಾನ್ ಬೆರೆತ ಇಎನ್ 45 ಜಾತಿಯ ಉಕ್ಕು, ಅದರ ಹದ ಇನ್ನೂ ನೂರು ಡಿಗ್ರಿಗೂ ಮೇಲೆ ಇರುತ್ತದೆ. ಎಣ್ಣೆ ಸುಟ್ಟ ಶಾಖಕ್ಕೆ ಅದು ಗಡುಸಾಗಿಯೇ ಉಳಿಯುತ್ತದೆ. ಸೀಳಿಗೆ ಅದೂ ಜೊತೆಯಾಯಿತು. ಆ ರಾತ್ರಿ ಭಾವನ ಜೊತೆ ಆಡಿದ ಮಾತುಗಳಿಗೆ ನನ್ನ ಹೆಂಡತಿ ಇನ್ನೂ ಬೇಸರದಲ್ಲಿದ್ದಾಳೆ. ನಾನು ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಅಮ್ಮ ಕೋವಿಯನ್ನು ಸ್ಪ್ರಿಂಗಿಲ್ಲದೆಯೇ ತೆಗೆದುಕೊಂಡು ಹೋದರು. "ಪೂಜೆಗೆ ಇಡೋಕೆ ಏನಂತೆ, ಮನೇಲಿದ್ರೆ ಸಾಕು" ಎಂದರು.

ಹಬ್ಬ ಕಳೆದು ಪಾರ್ಸೆಲ್ ಬಂತು. ಅದೇ ತಗಡಿನ ಅಚ್ಚು, ಅದೇ ಅರ, ಅದೇ ಎಣ್ಣೆ. ಹೊಸ ಸ್ಪ್ರಿಂಗು ಈಗಲೂ ಆ ಲಾಕಿನಲ್ಲಿದೆ, ಮಗ ಎಷ್ಟು ಸಲ ಎತ್ತಿಳಿಸಿದರೂ ಹಾಗೇ ಇದೆ. ಅದನ್ನು ಮಾಡಿದವನು ನಾನು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಈ ಕೆಲಸ ಕಲಿಯುವವರಿಗೆ ನಾಲ್ಕು ಮಾತು. ಉಕ್ಕಿನ ಹೆಸರು ಗೊತ್ತಿಲ್ಲದಿದ್ದರೆ ಕುಲುಮೆ ಹೊತ್ತಿಸಬೇಡಿ. ಕೊಟ್ಟವರು ನೆಂಟರಾದರೂ ಒಂದು ಚೂರನ್ನು ಗಡುಸು ಮಾಡಿ ಮುರಿದು ಒಳಗಿನ ರವೆ ನೋಡಿ. ಬಿಗಿ ಅತಿಯಾಗುವುದೂ ಬೇಡ, ಕೇಪು ಸಿಡಿದರೆ ಸಾಕು, ಹೆಚ್ಚಾದರೆ ಕುದುರೆ ಕೇಪು ಕೂರುವ ಮೊಲೆಯನ್ನೇ ಜಜ್ಜುತ್ತದೆ. ಕಣ್ಣಿಗೆ ಕನ್ನಡಕ ಹಾಕಿ, ನೋಡಲು ಬಂದವರನ್ನು ಆಚೆ ಕೂರಿಸಿ. ಲೈಸೆನ್ಸಿಲ್ಲದೆ ಬೇರೆಯವರ ಕೋವಿ ಬಿಚ್ಚುವುದು ಅಪರಾಧ, ಅದೂ ನೆನಪಿರಲಿ.

ಕೋವಿ ಇರುವ ಮನೆಯವರಿಗೆ ಒಂದೇ ಕೋರಿಕೆ. ಚುನಾವಣೆಗೋ, ಮನೆಯಲ್ಲಿ ಸಾವಾದದ್ದಕ್ಕೋ ಕೋವಿಯನ್ನು ಠಾಣೆಗೆ ಒಪ್ಪಿಸುವಾಗ ನಳಿಗೆ ಖಾಲಿಯಿದೆ, ಕುದುರೆ ಇಳಿಸಿದೆ, ಲಾಕು ಸರಿಯಿದೆ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ವಾಪಸು ಪಡೆಯುವ ದಿನ ಅಲ್ಲೇ, ಅವರ ಎದುರಿಗೇ, ಕುದುರೆ ಎತ್ತಿ ನೋಡಿ. ಆಮೇಲೆ ಮಾತ್ರ ಸಹಿ ಹಾಕಿ.